ನಕಾಶೆಯಲ್ಲಿ ಇಲ್ಲದ ಮರಳುದಿಬ್ಬ

"ನನ್ನ ಮರಳುದಿಬ್ಬ ಎಲ್ಲಿ?"

ಕೊನೆಯ ಸಾಲಿನಲ್ಲಿ ಎದ್ದು ನಿಂತಿದ್ದ ಆಮೆ ಸಂಶೋಧಕಿಯತ್ತ ಸಭೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಪರದೆಯ ಮೇಲೆ ಇಡೀ ರಾಜ್ಯದ ವನ್ಯಜೀವಿ ಸಂರಕ್ಷಣಾ ಯೋಜನೆಯ ನಕಾಶೆ. ಕಾಡು, ಕೆರೆ, ಹುಲ್ಲುಗಾವಲು ಎಲ್ಲವೂ ಇದ್ದವು. ಆದರೆ ಅವಳು ಮೂರು ವರ್ಷ ಬಿಸಿಲಲ್ಲಿ ಬೆಂದು, ಆಮೆಗಳ ಗೂಡು ಎಣಿಸಿದ ನದಿಯ ದಿಬ್ಬ ಮಾತ್ರ ಇರಲಿಲ್ಲ.

ನಕಾಶೆ ತಯಾರಿಸಿದವನು ಎದ್ದು ನಿಂತ.

'ಇವನೇನಾ...'

ಇಬ್ಬರ ಪರಿಚಯ ಫೋನಿನಲ್ಲಷ್ಟೇ. ದಿನಾ ಸಂಜೆ ಗೂಡುಗಳ ವಿವರ ಕೇಳಿ, ಆಮೇಲೆ ಅರ್ಧ ಗಂಟೆ ಬೇರೇನೋ ಮಾತಾಡುತ್ತಿದ್ದ ಆ ದನಿಗೆ ಅವಳು ಮನಸ್ಸಿನಲ್ಲೇ ಒಂದು ಮುಖ ಕೊಟ್ಟುಕೊಂಡಿದ್ದಳು.

"ನಾನೇ ತೆಗೆದೆ. ಯಾಕೆ ಅಂತ ಇಲ್ಲಿ ಹೇಳೋಕಾಗಲ್ಲ" ಎಂದ.

"ಹೇಳೋಕಾಗದ ಕೆಲಸ ಮಾಡೋದ್ಯಾಕೆ? ಈ ಯೋಜನೆಗೆ ನಾನು ಸಹಿ ಹಾಕಲ್ಲ."

ಅವಳು ಸರಸರನೆ ಹೊರಗೆ ನಡೆದಳು. 'ನಂಬಿದ್ದೆನಲ್ಲ... ಎಂಥ ದಡ್ಡಿ ನಾನು.'

ಆಫೀಸಿನ ಟೈಪಿಸ್ಟ್, ಎಲ್ಲರ ಪಾಲಿಗೆ ಅಕ್ಕ, ಹಿಂದೆಯೇ ಬಂದು ಒಂದು ಹಾಳೆ ಹಿಡಿಸಿದಳು.

"ನಾನೇ ಟೈಪ್ ಮಾಡಿದ್ದು. ಓದು."

ಅದು ಯೋಜನೆಗೆ ಸೇರಿಸಬೇಕಾದ, ಹೊರಗಿನವರಿಗೆ ತೋರಿಸದ ಗುಪ್ತ ಪಟ್ಟಿ. ಮೊದಲ ಸಾಲಿನಲ್ಲೇ ಅವಳ ದಿಬ್ಬವಿತ್ತು: 'ಪೂರ್ಣ ರಕ್ಷಣೆ.'

"ಸಭೇಲಿ ಹೊರಗಿನೋರು ಎಷ್ಟು ಜನ ಫೋಟೋ ತಗೀತಿದ್ರು ನೋಡಿದ್ಯಾ? ನಕಾಶೇಲಿ ಜಾಗ ತೋರ್ಸಿದ್ರೆ ಮೊಟ್ಟೆ ಕಳ್ಳರಿಗೆ ದಾರಿ ತೋರ್ಸಿದ ಹಾಗೆ. ಮರಳು ತೆಗೆಯೋರ ಮಾತು ಕೇಳಿ ಸಾಹೇಬ್ರು ಈ ಪಟ್ಟೀನೂ ಕೈಬಿಡು ಅಂದ್ರು. ಇವನು ಆಗಲ್ಲ ಅಂದ. ಬೆಳಿಗ್ಗೆ ಇವನಿಗೆ ವರ್ಗಾವಣೆ ಆದೇಶ ಬಂತು."

ಅವಳಿಗೆ ಅಳುವುದಕ್ಕೂ ಪುರಸೊತ್ತಿರಲಿಲ್ಲ. ಹೊರಗಿನವರು ಹೋಗುವುದನ್ನೇ ಕಾದು, ನೇರ ಮುಖ್ಯ ಅಧಿಕಾರಿಯ ಕೋಣೆಗೆ ನಡೆದಳು. ನಕಾಶೆ ಮಾಡಿದವನೂ ಅಲ್ಲೇ ತಲೆ ತಗ್ಗಿಸಿ ನಿಂತಿದ್ದ.

"ಸಾರ್, ಈ ಪಟ್ಟಿ ಯೋಜನೇಲಿ ಇರಬೇಕು. ಇಲ್ಲಾಂದ್ರೆ ನನ್ನ ಮೂರು ವರ್ಷದ ಸಮೀಕ್ಷೆಗೆ ನನ್ನ ಸಹಿ ಸಿಗಲ್ಲ. ನದಿಗಳ ಅಧ್ಯಾಯ ಖಾಲಿ ಬಿಟ್ಟು ಮೇಲಿನೋರಿಗೆ ಕಳಿಸಿ. ಯಾಕೆ ಅಂತ ಅವರು ಕೇಳಿದ್ರೆ ನಾನೇ ಬಂದು ಹೇಳ್ತೀನಿ."

"ಇದು ಬೆದರಿಕೆನಾ?"

"ನೀವು ಹೇಗೆ ಬೇಕಾದ್ರೂ ತಿಳ್ಕೊಳ್ಳಿ ಸಾರ್. ನಾನು ಹಿಂದೆ ಸರಿಯಲ್ಲ."

ಅಧಿಕಾರಿ ಪಟ್ಟಿಯನ್ನು ಎರಡೆರಡು ಸಲ ಓದಿದರು. ಕೊನೆಗೆ ಮುಖ ಸಿಂಡರಿಸಿಕೊಂಡೇ ಅದಕ್ಕೆ ಸಹಿ ಹಾಕಿದರು. ವರ್ಗಾವಣೆ ಆದೇಶವನ್ನು ಮಾತ್ರ ಮುಟ್ಟಲಿಲ್ಲ.

ಮೆಟ್ಟಿಲ ಬಳಿ ಅವಳೇ ಮಾತು ತೆಗೆದಳು.

"ಎಲ್ಲರ ಮುಂದೆ ಬೈದುಬಿಟ್ಟೆ. ನನ್ನದೇ ತಪ್ಪು."

"ನಿನ್ನೆ ಫೋನಲ್ಲೇ ಹೇಳಬೇಕಿತ್ತು ನಾನು. ಇವತ್ತು ಎದುರಿಗೆ ಸಿಗ್ತೀರಲ್ಲ ಅಂತ ಕಾದೆ."

"ನಾಳೆ ಮತ್ತೆ ಬರ್ತೀನಿ. ನಿಮ್ಮ ವರ್ಗಾವಣೆ ರದ್ದು ಮಾಡಿಸೋವರೆಗೂ ಬಿಡಲ್ಲ."

"ಅಯ್ಯೋ, ಬೇಡ. ಹಾಕಿರೋದು ನಿಮ್ಮ ನದಿ ಕಡೆಗೇ. ಶಿಕ್ಷೆ ಅಂತ ಕಳಿಸ್ತಿದ್ದಾರೆ... ಪಾಪ, ಸಾಹೇಬ್ರಿಗೆ ಗೊತ್ತಿಲ್ಲ."

"ಏನು ಗೊತ್ತಿಲ್ಲ?"

ಅವನು ಒಂದು ಮೆಟ್ಟಿಲು ಕೆಳಗಿಳಿದು, ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ.

"ನಾನು ನಿಮ್ಮನ್ನ ಪ್ರೀತಿಸ್ತೀನಿ ಅಂತ."

ಅವಳ ಕಣ್ಣು ತುಂಬಿತು. ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಸಾಹೇಬ್ರಿಗೆ ಹೇಳೋಕೆ ಹೋಗ್ಬೇಡಿ" ಎಂದಳು ಮೆಲ್ಲಗೆ. "ಆದೇಶ ರದ್ದು ಮಾಡಿಬಿಟ್ಟಾರು."