ಕೆಂಪು ಬಾವುಟದವಳು

ಕೀರ್ರ್...!

ಬ್ರೇಕಿನ ಸದ್ದಿಗೆ ಅವಳ ಎದೆ ಧಸಕ್ಕೆಂದಿತು. ಮಂಜಿನೊಳಗಿಂದ ಮೂಡಿಬಂದ ಸ್ಕೂಟರ್ ಅವಳ ಕೈಯಲ್ಲಿದ್ದ ಕೆಂಪು ಬಾವುಟಕ್ಕೆ ಗೇಣುದ್ದ ಆಚೆ ನಿಂತಿತ್ತು. ಅವಳ ಹಿಂದೆ, ಒಬ್ಬರ ಬ್ಯಾಗು ಒಬ್ಬರು ಹಿಡಿದುಕೊಂಡ ಹತ್ತು ಹನ್ನೆರಡು ಪುಟ್ಟ ಮಕ್ಕಳು.

ಮೊದಲು ಮಕ್ಕಳನ್ನು ಆಚೆ ದಾಟಿಸಿದಳು. ಆಮೇಲೆ ತಿರುಗಿದಳು.

“ಕಣ್ಣು ಎಲ್ಲಿಟ್ಟಿದ್ರಿ ಸ್ವಾಮಿ?”

ಹೆಲ್ಮೆಟ್ ತೆಗೆದವನ ಮುಖ ಬಿಳಿಚಿಕೊಂಡಿತ್ತು. “ನೀವ್ಯಾಕೆ ರಸ್ತೆ ಮಧ್ಯ ನಿಂತಿದೀರಾ? ಏನಾದ್ರೂ ಆಗಿದ್ರೆ...?”

ದನಿಯಲ್ಲಿ ಗದರಿಕೆಯಿತ್ತು. ಆದರೆ ಕಣ್ಣು ಆಚೆ ದಾಟಿದ ಮಕ್ಕಳನ್ನು ಎಣಿಸುತ್ತಿತ್ತು.

‘ತಪ್ಪು ತನ್ನದು, ಜೋರು ಬೇರೆ!’ ಎಂದುಕೊಂಡಳು. ಅವಳು ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ. ಸಿಟ್ಟಿನಲ್ಲೂ ಅವಳ ದೃಷ್ಟಿ ಅಲ್ಲಿಗೇ ಹೋಯಿತು.

“ನಿಮ್ಮ ಕನ್ನಡಕ ವಾಲಿದೆ. ಮೊದಲು ಅದನ್ನ ಸರಿ ಮಾಡಿಸ್ಕೊಳ್ಳಿ. ರಸ್ತೆ ಕಾಣುತ್ತೆ, ನಾನೂ ಕಾಣ್ತೀನಿ!”

ಅವನು ಕನ್ನಡಕ ಮೇಲೇರಿಸಿಕೊಂಡ. ಸ್ಕೂಟರ್ ತಳ್ಳಿಕೊಂಡು ನಡೆದ... ನೇರ ಶಾಲೆಯ ಗೇಟಿನೊಳಕ್ಕೆ!

ಶಾಲೆಗೆ ಹೊಸ ಆಡಳಿತಾಧಿಕಾರಿ ಬರುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಅವನು ಇವನೇ ಎಂದು ಗೊತ್ತಾದದ್ದು ಮಧ್ಯಾಹ್ನ, ಅವನ ಫೋಟೊ ಸಮೇತ ಶಾಲೆಯ ನೋಟಿಸು ಮೊಬೈಲಿಗೆ ಬಂದಾಗ. ‘ಸೋಮವಾರದಿಂದ ಪೋಷಕರ ಬಳಗದ ಯಾರೂ ಶಾಲೆಯ ಮುಂದೆ ರಸ್ತೆಗೆ ಇಳಿಯುವಂತಿಲ್ಲ.’

ಎರಡು ವರ್ಷದಿಂದ ಬಳಗದವರು ಸರದಿಯಲ್ಲಿ ಬಾವುಟ ಹಿಡಿದು ಮಕ್ಕಳನ್ನು ದಾಟಿಸುತ್ತಿದ್ದರು. ಅಕ್ಕ ತೀರಿಕೊಂಡ ಮೇಲೆ ಅಕ್ಕನ ಮಗಳನ್ನು ಸಾಕುತ್ತಿದ್ದ ಅವಳಿಗೆ ಆ ಅರ್ಧ ಗಂಟೆಯೆಂದರೆ ಪ್ರಾಣ. ಮಂಜಿನಲ್ಲಿ ತೇಲಿಬರುವ ಮಕ್ಕಳ ಮುಖಗಳು, “ಚಿಕ್ಕಿ, ಟಾಟಾ!” ಎಂದು ಅಕ್ಕನ ಮಗಳು ಕೂಗಿದರೆ ಅವಳ ಜೊತೆ ಇಡೀ ಸಾಲೇ “ಚಿಕ್ಕಿ, ಟಾಟಾ!” ಎನ್ನುವ ಚಂದ...

ಅದನ್ನೇ ಕಿತ್ತುಕೊಂಡನಲ್ಲ!

ಸಂಜೆ ಬಳಗ ಅವನ ಕೊಠಡಿಗೆ ನುಗ್ಗಿತು. ಮುಂದೆ ಬೇಕರಿ ನಡೆಸುವ ಒಬ್ಬ ತಂದೆ, ಹಿಂದೆ ಅವಳಿ ಮಕ್ಕಳ ತಾಯಿ, ನಡುವೆ ಕೆಂಡದಂತೆ ಅವಳು.

“ಸರ್, ಆ ರಸ್ತೇಲಿ ಲಾರಿಗಳು ಹೆಂಗೆ ಬರ್ತಾವೆ ನೋಡಿದೀರಾ?” ಬೇಕರಿಯವರು ಕೇಳಿದರು.

“ನೋಡಿದೀನಿ. ಅದಕ್ಕೇ ಹೇಳ್ತಿರೋದು.”

“ಮಕ್ಕಳು ಹೆಂಗೆ ದಾಟ್ಬೇಕು?”

“ಅದು ನನ್ನ ಜವಾಬ್ದಾರಿ. ಇಷ್ಟು ಮಾತ್ರ ಹೇಳಬಲ್ಲೆ.”

ಅವಳು ತಡೆಯಲಾರದೆ ಹೋದಳು. “ನಾಳೆ ನಮಗೇನಾದ್ರೂ ಆದ್ರೆ ಶಾಲೆ ಹೆಸರು ಕೆಡುತ್ತೆ. ಅಷ್ಟೇ ತಾನೇ ನಿಮ್ಮ ಚಿಂತೆ?”

ಅವನು ತಲೆ ಎತ್ತಿ ಅವಳನ್ನೇ ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟಿರಲಿಲ್ಲ. ಬಹಳ ದೂರದ್ದೇನನ್ನೋ ನೋಡುತ್ತಿದ್ದಂತಿತ್ತು.

ಮನೆಗೆ ಹೋದ ಮೇಲೂ ಆ ನೋಟ ಅವಳ ಬೆನ್ನು ಬಿಡಲಿಲ್ಲ. ‘ಥೂ, ನನಗ್ಯಾಕೆ ಅವನ ಉಸಾಬರಿ?’ ಎಂದು ತನ್ನನ್ನೇ ಬೈದುಕೊಂಡಳು.

ಶನಿವಾರ ಅಂಗಡಿಯ ಗಾಜಿನ ಬಾಗಿಲು ತಳ್ಳಿ ಒಳಗೆ ಬಂದವನು ಅವನೇ!

“ಸರಿ ಮಾಡಿಸ್ಕೊಳ್ಳಿ ಅಂದಿದ್ರಲ್ಲ... ನಿಮ್ಮ ಅಂಗಡಿ ಇಲ್ಲಿ ಅಂತ ಬೇಕರಿಯವರು ಹೇಳಿದ್ರು,” ಎಂದು ಕನ್ನಡಕ ತೆಗೆದು ಕೊಟ್ಟ.

ಅವಳು ಸ್ಕ್ರೂ ಬಿಗಿ ಮಾಡಿದಳು. ಕಡ್ಡಿಯನ್ನು ಬಿಸಿಗೆ ಹಿಡಿದು ಬಗ್ಗಿಸಿ, ಅವನ ಮುಖಕ್ಕಿಟ್ಟು, ಕಿವಿಯ ಹಿಂದೆ ಬೆರಳಿಂದ ಒತ್ತಿ ನೋಡಿದಳು. ದಿನಕ್ಕೆ ಇಪ್ಪತ್ತು ಜನಕ್ಕೆ ಮಾಡುವ ಕೆಲಸವದು. ಆದರೆ ಇವತ್ತು...? ಗೋಡೆಯುದ್ದಕ್ಕೂ ಇದ್ದ ಕನ್ನಡಿಗಳಲ್ಲಿ ಅವರಿಬ್ಬರೇ, ಮತ್ತೆ ಮತ್ತೆ ಅವರಿಬ್ಬರೇ. ಹೊರಗಿನ ಬೀದಿಯ ಗದ್ದಲ ಯಾವುದೋ ನೀರಿನಡಿಯಿಂದ ಬರುತ್ತಿರುವಂತೆ ಕೇಳುತ್ತಿತ್ತು.

“ಈಗ ಕಾಣುತ್ತಾ?” ಎಂದಳು. ದನಿ ತನ್ನದೇ ಹೌದೋ ಅಲ್ಲವೋ!

“ಚೆನ್ನಾಗಿ ಕಾಣುತ್ತೆ,” ಎಂದ, ಅವಳನ್ನೇ ನೋಡುತ್ತ. ಮರುಕ್ಷಣ ಎಚ್ಚೆತ್ತವನಂತೆ, “ದಯವಿಟ್ಟು ಸೋಮವಾರ ರಸ್ತೆಗೆ ಇಳೀಬೇಡಿ,” ಎಂದ.

ಕನಸು ಚೂರಾಯಿತು. ಓಹೋ, ಬಂದದ್ದು ಇದಕ್ಕೆ!

“ಇಳೀತೀನಿ. ಏನ್ಮಾಡ್ತೀರೋ ಮಾಡ್ಕೊಳ್ಳಿ.”

ಸೋಮವಾರ ಎಂದಿಗಿಂತ ಹತ್ತು ನಿಮಿಷ ಮೊದಲೇ ಬಾವುಟ ಹಿಡಿದು ಹೊರಟಳು. ಮಂಜು ಹಾಲು ಚೆಲ್ಲಿದಂತೆ ರಸ್ತೆಯ ತುಂಬ ಹರಡಿತ್ತು. ಹತ್ತಿರ ಹೋದಂತೆ ಅದರೊಳಗೊಂದು ಆಕೃತಿ... ಎರಡೂ ಕೈ ಚಾಚಿ ಲಾರಿಗಳನ್ನು ತಡೆದು ನಿಂತಿದೆ. ಆ ತೋಳುಗಳಡಿ ಮಕ್ಕಳು ಗುಬ್ಬಿಗಳಂತೆ ಪುರ್ರನೆ ದಾಟುತ್ತಿದ್ದಾರೆ.

ಅವನು!

ಅವಳು ಇದ್ದಲ್ಲೇ ನಿಂತಳು. ಕೊನೆಯ ಮಗು ದಾಟುವವರೆಗೂ ಅವನು ಕೈ ಇಳಿಸಲಿಲ್ಲ. ಆಮೇಲೆ ಅಂಚಿಗೆ ಬಂದು ಅವಳ ಪಕ್ಕ ನಿಂತ. ಕನ್ನಡಕದ ಮೇಲೆಲ್ಲ ಮಂಜಿನ ಹನಿ.

“ಯಾರೂ ಇಳೀಬಾರದು ಅಂತ ನೀವೇ ಅಂದಿರಲ್ಲ...?”

“ಪೋಷಕರು ಇಳೀಬಾರದು ಅಂದಿದ್ದೆ.” ಕನ್ನಡಕ ತೆಗೆದು ಒರೆಸಿಕೊಂಡ. “ಹಿಂದೆ ನಾನಿದ್ದ ಶಾಲೇಲೂ ಹಿಂಗೇ ಒಂದು ಬಳಗ ಇತ್ತು. ಕಟ್ಟಿದವನು ನಾನೇ. ನನ್ನ ಅಕ್ಕನೂ ಅದರಲ್ಲಿದ್ದಳು. ಬೇಡ ಕಣೋ, ಮಂಜು ಜಾಸ್ತಿ ಇದೆ ಅಂದಳು ಅವತ್ತು. ಇವತ್ತೊಂದಿನ ನಿಲ್ಲೇ ಅಂದೆ. ಹಾಲಿನ ವ್ಯಾನು... ಅಕ್ಕ ಬದುಕಿದಾಳೆ. ಆದ್ರೆ ಊರುಗೋಲು ಇಲ್ದೆ ನಾಲ್ಕು ಹೆಜ್ಜೆ ಇಡೋಕಾಗಲ್ಲ. ಮೊನ್ನೆ ನಿಮ್ಮನ್ನ ರಸ್ತೆ ಮಧ್ಯ ನೋಡಿದಾಗ...”

ಅವನು ರಸ್ತೆಯತ್ತ ತಿರುಗಿದ.

ಎಂಥೆಂಥ ಮಾತಾಡಿಬಿಟ್ಟೆ ಇವನಿಗೆ! ಆದರೂ ಒಂದು ಪ್ರಶ್ನೆ ಉಳಿದಿತ್ತು.

“ನಮಗೆ ಯಾಕೆ ಹೇಳ್ಲಿಲ್ಲ?”

“ಶಾಲೆಯ ಪಕ್ಕದ ಓಣಿಗೆ ಒಂದು ಗೇಟಿದೆ, ಗೊತ್ತಲ್ಲ? ಅದನ್ನ ತೆರೆದ್ರೆ ಮಕ್ಕಳು ಸೇತುವೆ ಕೆಳಗಿನ ದಾರೀಲಿ ಬರಬಹುದು, ಈ ರಸ್ತೆ ದಾಟೋದೇ ಬೇಡ. ಆದ್ರೆ ಆಡಳಿತ ಮಂಡಳಿ ಅಧ್ಯಕ್ಷರ ಕಾರು ನಿಲ್ಲೋದು ಅಲ್ಲೇ. ಬಂದ ದಿನವೇ ಎರಡು ಸಲ ಕಾಗದ ಬರೆದೆ. ಶಾಲೆ ಒಳಗಿನ ವಿಷಯ ಪೋಷಕರ ಹತ್ರ ಹೋಗಬಾರದು ಅಂತ ಬಾಯಿ ಕಟ್ಟಿಹಾಕಿದ್ರು. ನಾನೂ ಕಟ್ಟಿಸ್ಕೊಂಡೆ. ಅದು ನನ್ನದೇ ತಪ್ಪು.”

“ತಪ್ಪೇ!” ಎಂದಳು, ಕಣ್ಣೊರೆಸಿಕೊಳ್ಳುತ್ತ. “ಒಬ್ರೇ ಕಾಗದ ಬರೀತಾ ಕೂತ್ರೆ ಯಾವಾಗ ಆಗುತ್ತೆ? ನಮ್ಮನ್ನ ಕರೀಬೇಕಿತ್ತು.”

ಆ ಗುರುವಾರವೇ ಬಳಗದವರೆಲ್ಲ ಆಡಳಿತ ಮಂಡಳಿಯ ಸಭೆಗೆ ಹೋದರು. ಉದ್ದನೆಯ ಮೇಜಿನ ತುದಿಯಲ್ಲಿ ಕೂತಿದ್ದ ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು.

“ಗೇಟು ಎಲ್ಲಿರಬೇಕು ಅಂತ ಇವರು ಯಾರ್ರೀ ನಮಗೆ ಹೇಳೋಕೆ?”

ಎದ್ದು ನಿಂತವನು ಅವನು. “ನಾವು ಮಾಡಬೇಕಾದ ಕೆಲಸ ಎರಡು ವರ್ಷದಿಂದ ಮಾಡ್ತಿರೋರು ಸರ್. ಆ ಗೇಟು ತೆರೆಯೋಕಾಗದ ಶಾಲೇಲಿ ನಾನಿರಲ್ಲ.” ರಾಜೀನಾಮೆ ಪತ್ರವನ್ನು ಮೇಜಿನ ಮೇಲಿಟ್ಟು, ಅವಳತ್ತ ನೋಡದೆ ಹೊರಗೆ ನಡೆದುಬಿಟ್ಟ.

ಅವಳ ಜೀವ ಅವನ ಹಿಂದೆಯೇ ಓಡಿತು. ಕಾಲು ಮಾತ್ರ ಓಡಲಿಲ್ಲ. ಮಕ್ಕಳ ಮಾತು ಇನ್ನೂ ಮುಗಿದಿರಲಿಲ್ಲವಲ್ಲ!

“ಸರ್,” ಎಂದಳು ಅಧ್ಯಕ್ಷರಿಗೆ, “ನಾಳೆ ಬೆಳಗ್ಗೆ ಬನ್ನಿ. ಒಂದೇ ಒಂದು ಸಲ ನನ್ನ ಜೊತೆ ಆ ರಸ್ತೆ ದಾಟಿ. ಆಮೇಲೆ ನೀವು ಹೇಳಿದಂತೆ ಕೇಳ್ತೀವಿ.”

ಅಧ್ಯಕ್ಷರು ಬಂದರು. ಅವಳ ಅಕ್ಕನ ಮಗಳು ತಾನಾಗಿಯೇ ಅವರ ಕೈ ಹಿಡಿದುಕೊಂಡಳು. ನಡುದಾರಿಯಲ್ಲಿ ಒಂದು ಲಾರಿ ಹಾರ್ನ್ ಬಾರಿಸುತ್ತ ಪಕ್ಕದಲ್ಲೇ ಹಾದುಹೋದಾಗ, ಆ ಪುಟ್ಟ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡವರು ಅಧ್ಯಕ್ಷರೇ. ಆಚೆ ದಾಟಿದ ಮೇಲೆ ಬೆವರೊರೆಸಿಕೊಂಡು ಒಂದೇ ಮಾತು ಹೇಳಿದರು: “ಕಾರು ತೆಗೆಸ್ತೀನಿ.”

ಎರಡು ವಾರದಲ್ಲಿ ಗೇಟು ತೆರೆಯಿತು. ಓಣಿಯ ಉದ್ದಕ್ಕೂ ಮರಗಳ ನೆರಳು, ನೆಲದ ಮೇಲೆ ಹಳದಿ ಹೂವು, ಆ ಹೂವಿನ ಮೇಲೆ ಮಕ್ಕಳ ಹೆಜ್ಜೆ. ಎಲ್ಲರೂ ನಗುತ್ತಿದ್ದರು. ಅವಳ ಕಣ್ಣು ಮಾತ್ರ ಯಾರನ್ನೋ ಹುಡುಕುತ್ತಿತ್ತು. ‘ಹೋಗೇಬಿಟ್ಟರಾ... ಒಂದು ಮಾತೂ ಹೇಳದೆ?’

“ಬೆಳಗ್ಗೆ ಅಧ್ಯಕ್ಷರು ಪತ್ರ ವಾಪಸ್ ಕೊಟ್ಟರು.”

ತಿರುಗಿದಳು. ಮರದ ಕೆಳಗೆ ಅವನು! ಹೆಗಲ ಮೇಲೊಂದು ಹೂವು ಬಿದ್ದದ್ದೂ ಅವನಿಗೆ ಗೊತ್ತಿರಲಿಲ್ಲ.

“ಎಲ್ಲಿ ಹೋಗಿದ್ರಿ ಇಷ್ಟು ದಿನ?” ದನಿಯಲ್ಲಿ ಅಳುವೂ ಜಗಳವೂ ಬೆರೆತಿದ್ದವು.

“ಅಕ್ಕನ ಹತ್ರ. ಎಲ್ಲಾ ಹೇಳಿದೆ. ಗೇಟಿನ ಕಥೆ ಸಾಕು, ಹುಡುಗಿ ಕಥೆ ಹೇಳು ಅಂದಳು.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ಹೇಳ್ತಾ ಹೇಳ್ತಾ ನನಗೇ ಗೊತ್ತಾಯ್ತು... ನೀವು ಅಂದ್ರೆ ನನಗೆ ತುಂಬಾ ಇಷ್ಟ.”

ಓಣಿಯೆಲ್ಲ ಒಂದು ಕ್ಷಣ ತೇಲಿದಂತಾಯಿತು ಅವಳಿಗೆ.

“ನಾನು ಒಬ್ಬಳೇ ಅಲ್ಲ. ನನಗೊಬ್ಬಳು ಮಗಳಿದಾಳೆ,” ಎಂದಳು ಮೆಲ್ಲಗೆ.

“ಈಗಷ್ಟೇ ಅವಳ ಹತ್ರ ಕೇಳ್ಕೊಂಡೇ ಬಂದೆ.”

“ಏನಂದಳು?”

“ಚಿಕ್ಕಿ ಬೆಳಗ್ಗೆ ಎದ್ದ ತಕ್ಷಣ ಸಿಡಿಸಿಡಿ ಅಂತಾಳೆ, ಹುಷಾರು ಅಂದಳು.”

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. “ಹಂಗಾದ್ರೆ ಏನ್ಮಾಡ್ತೀರಾ?”

“ಕಾಫಿ ಮಾಡಿ ಕೈಗೆ ಕೊಟ್ಟು, ತೆಪ್ಪಗೆ ಪಕ್ಕದಲ್ಲಿ ಕೂತ್ಕೋತೀನಿ.”

ಅವಳು ಅವನ ಹೆಗಲ ಮೇಲಿದ್ದ ಹೂವನ್ನು ತೆಗೆದಳು. ಆಮೇಲೆ ಅವನ ಬೆರಳಿಗೆ ತನ್ನ ಬೆರಳು ಹೆಣೆದು, ತಲೆ ತಗ್ಗಿಸಿ ಹೇಳಿದಳು.

“ಸಕ್ಕರೆ... ಸ್ವಲ್ಪ ಕಮ್ಮಿ ಹಾಕಿ.”