ಚಪ್ಪಲಿ ಬಿಟ್ಟು ಹೋದ ಜಾಗ

ಕ್ಯೂನಲ್ಲಿ ಇನ್ನೊಬ್ಬರಿಗೆ ಜಾಗ ಹಿಡಿಯೋ ಕೆಲಸ ನಾನಿನ್ನು ಮಾಡಲ್ಲ. ಕೆಂಗೇರಿ ಆಚೆಯ ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ ಮಟಮಟ ಮಧ್ಯಾಹ್ನ ನೀರಾಟದ ರೈಡಿಗೆ ಕ್ಯೂ ನಿಂತಿದ್ದೆ. ಕಾಯುವವರಿಗೆ ಬೇಜಾರಾಗದಿರಲಿ ಅಂತ ಪಕ್ಕದಲ್ಲೇ ಉದ್ದಕ್ಕೂ ಒಂದು ದೀಪದ ಗೋಡೆ. ಕೈ ಒತ್ತಿದರೆ ಅಲ್ಲಿ ಅಂಗೈ ಗುರುತು ಬೆಳಗುತ್ತಿತ್ತು. ಮುಂದಿದ್ದ ಹೆಂಗಸು ಒದ್ದೆ ಚಪ್ಪಲಿ ಬಿಟ್ಟು, "ಜಾಗ ನೋಡ್ಕೊಳ್ಳಿ ಅಣ್ಣ, ಬಂದೆ" ಅಂದು ಹೋದರು.

ಕ್ಯೂ ಸರಿದಾಗೆಲ್ಲ ಚಪ್ಪಲಿಯನ್ನು ಕಾಲಲ್ಲೇ ಮುಂದೆ ತಳ್ಳಿದೆ. ಅಂಥ ಬಿಸಿಲಲ್ಲೂ ಅದು ಒಣಗಲಿಲ್ಲ. ಅದರ ನೇರಕ್ಕೆ ಗೋಡೆಯಲ್ಲಿ, ಯಾರೂ ಮುಟ್ಟದೆ, ಒಂದು ಅಂಗೈ ಬೆಳಗಿತು. ನಾವು ಸರಿದಂತೆ ಅದೂ ಸರಿಯಿತು.

"ಯಾರಿಗ್ರೀ ಜಾಗ? ನಡೀರಿ ಮುಂದೆ," ಹಿಂದಿನವನು ರೇಗಿದ.

ನಾನೂ ರೇಗಿ, ಚಪ್ಪಲಿಯನ್ನು ಆಚೆಗೆ ಒದ್ದು ಆ ಜಾಗದಲ್ಲಿ ನಿಂತೆ. ಬೆನ್ನಿಗೆ ತಣ್ಣನೆಯ ಅಂಗೈಯೊಂದು ಬಲವಾಗಿ ಒತ್ತಿತು. ತಿರುಗಿದರೆ ಹಿಂದಿನವನು ಎರಡೂ ಕೈಯಲ್ಲಿ ಮಗು ಎತ್ತಿಕೊಂಡಿದ್ದ.

ಅವತ್ತು ನಾನು ಹಾಕಿದ್ದ ಶರ್ಟ್ ಮೂಡಲಪಾಳ್ಯದ ನಮ್ಮ ತಾರಸಿಯಲ್ಲಿ ವಾರದಿಂದ ನೇತಾಡುತ್ತಿದೆ. ಬೆನ್ನಲ್ಲಿ ಅಂಗೈಯಷ್ಟಗಲ ಇನ್ನೂ ಒದ್ದೆ.