ನಾಲ್ಕನೇ ಮಂಚದ ಇಬ್ಬರು

ಇನ್‌ಸ್ಪೆಕ್ಟರಮ್ಮ ಠಾಣೆಯಲ್ಲಿ ಕೂತು ಖಾಕಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ದಾರ ಮತ್ತೆ ಗಂಟಾಯಿತು.

"ಕೊಡಿ ಮೇಡಂ, ಗುಂಡಿ ಕತ್ತು ಹಿಸುಕಬಾರದು," ಎಂದು ಆಗಷ್ಟೇ ಒಳಗೆ ಬಂದ ದರ್ಜಿ ಹೆಂಗಸು ಅಂಗಿ ಕಸಿದುಕೊಂಡಳು. ಹೊಲಿಯುತ್ತಲೇ ದೂರು ಹೇಳಿದಳು.

"ನಮ್ಮಕ್ಕ ರಸ್ತೆ ಅಪಘಾತದಲ್ಲಿ ಸತ್ಲಂತೆ. ನಾನು ಬರೋಷ್ಟರಲ್ಲಿ ಭಾವ ಮಣ್ಣು ಮಾಡಿಬಿಟ್ಟಿದ್ದ. ಐದು ತಿಂಗಳು ಅತ್ತೆ. ನಿನ್ನೆ ಮರಣಪತ್ರ ಕೇಳೋಕೆ ಹೋದಾಗ ಆಸ್ಪತ್ರೆಯವರು ಹೆಣದ ಫೋಟೋ ತೋರಿಸಿದ್ರು. ಮುಖ ಊದಿದೆ, ಗೊತ್ತಾಗಲ್ಲ. ಆದ್ರೆ ನಮ್ಮಕ್ಕನ ಕಿರುಬೆರಳು ಹೊಲಿಗೆ ಮಷಿನ್‌ಗೆ ಸಿಕ್ಕಿ ಸೊಟ್ಟಗಾಗಿತ್ತು. ಈ ಬೆರಳು ನೆಟ್ಟಗಿದೆ!"

"ಎಫ್‌ಐಆರ್ ಬರಿ," ಎಂದರು ಇನ್‌ಸ್ಪೆಕ್ಟರಮ್ಮ, ಕಾನ್‌ಸ್ಟೇಬಲ್‌ನತ್ತ ತಿರುಗಿ.

ಮಧ್ಯಾಹ್ನ ಹನ್ನೆರಡಕ್ಕೆ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಪಂಚನಾಮೆ ಶುರುವಾಯಿತು. ಆಸ್ಪತ್ರೆ, ಶವಾಗಾರ, ಆಶ್ರಯಧಾಮ, ಠಾಣೆಗಳ ದಾಖಲೆಗಳನ್ನು ಒಂದಕ್ಕೊಂದು ಗೆರೆ ಎಳೆದು ಜೋಡಿಸಿದ ಜಾಲ ಪರದೆಯ ಮೇಲಿತ್ತು. ಒಂದು ಗುರುತಿನ ಸಂಖ್ಯೆ ಒತ್ತಿದರೆ ಆ ಮನುಷ್ಯರ ಜಾತಕವೇ ಬಿಚ್ಚಿಕೊಳ್ಳುತ್ತಿತ್ತು.

"ಹೆಸರು ಗೊತ್ತಿಲ್ಲದವರಿಗೆ ಯಾವ ಸಂಖ್ಯೆ ಕೊಡ್ತೀರಿ?"

"ಮಂಚದ್ದೇ ಮೇಡಂ," ಎಂದ ಗುಮಾಸ್ತ. "ಈ ಫೋಟೋದವರು ಅಪರಿಚಿತೆ, ನಾಲ್ಕು."

"ಅವರು ಎದ್ದುಹೋಗಿ ಇನ್ನೊಬ್ಬರು ಬಂದ್ರೆ?"

"ಅವರೂ ನಾಲ್ಕೇ."

"ನಾಳೆ ನಾನಲ್ಲಿ ಮಲಗಿದ್ರೆ?"

"ನೀವು ಐದು ತಿಂಗಳ ಹಿಂದೇನೇ ಸತ್ತಿದೀರಿ ಮೇಡಂ," ಎಂದ ಕಾನ್‌ಸ್ಟೇಬಲ್.

ಗುಮಾಸ್ತ ಪರದೆಯ ಮೇಲೆ ನಾಲ್ಕನ್ನು ಒತ್ತಿದ. ನಾಲ್ಕರಿಂದ ಒಂದು ಗೆರೆ ಶವಾಗಾರಕ್ಕೆ ಹೋಗಿತ್ತು. ಇನ್ನೊಂದು ಊರಾಚೆಯ ಆಶ್ರಯಧಾಮಕ್ಕೆ. ಸತ್ತವಳು ಅಲ್ಲಿ ನಿನ್ನೆ ಬೆಳಿಗ್ಗೆಯೂ ಮಾತ್ರೆ ನುಂಗಿದ್ದಳು! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ, ಜಾಲ ಎರಡನ್ನೂ ನಂಬಿ ಕೂತಿತ್ತು.

"ಜೀಪು ತೆಗಿಯೋ!"

ಧಾಮದ ಹಜಾರದಲ್ಲಿ ಒಬ್ಬಾಕೆ ಕಿಟಕಿ ಬಳಿ ಕೂತಿದ್ದಳು. ಕಿರುಬೆರಳು ಸೊಟ್ಟ. ಜೀಪಿನಲ್ಲಿ ಜೊತೆಗೇ ಬಂದಿದ್ದ ದರ್ಜಿ ಹೆಂಗಸು ಬಾಗಿಲಿಂದಲೇ ಅಳುತ್ತಾ ಕೂಗಿದಳು. ಅಕ್ಕ ನಿಧಾನವಾಗಿ ಎದ್ದು ಬಂದು, ತಂಗಿಯ ಹೆಸರು ನೆನಪಾಗದೆ, ಅವಳ ರವಿಕೆಯ ತೋಳು ತಡವಿದಳು.

"ಯಾರೇ ಇದನ್ನ ಹೊಲಿದಿದ್ದು? ಕಂಕುಳಲ್ಲಿ ಎಳೀತಿದೆ."

"ನಾನೇ ಕಣೇ ಅಕ್ಕಾ! ನೀನೇ ಕಲಿಸಿದ್ದು!"

"ಹಂಗಾದ್ರೆ ನೀನು ಸರಿಯಾಗಿ ಕಲೀಲಿಲ್ಲ."

ಅಳುತ್ತಿದ್ದವಳು ನಕ್ಕಳು. ಕಾನ್‌ಸ್ಟೇಬಲ್ ಟೋಪಿ ಗಾಳಿಗೆ ಎಸೆದು ಹಿಡಿದ, ಇನ್‌ಸ್ಪೆಕ್ಟರಮ್ಮ ಗದರಲಿಲ್ಲ.

ಆಸ್ಪತ್ರೆ ವಾರ್ಡಿನ ನರ್ಸ್ ಭಾವನ ಫೋಟೋ ನೋಡಿ, ನಾಲ್ಕನೇ ಮಂಚಕ್ಕೆ ಎರಡು ಸಲ ಬಂದವನು ಇವನೇ ಎಂದಳು. ಸಂಜೆ ಆರಕ್ಕೆ ಅವನು ಠಾಣೆಯಲ್ಲಿದ್ದ.

"ಬದುಕಿದ್ದವಳನ್ನ ನೋಡಿ ನಮ್ಮವಳಲ್ಲ ಅಂದ್ರಿ. ವಾರ ಬಿಟ್ಟು ಅದೇ ಮಂಚದಲ್ಲಿ ಸತ್ತವಳನ್ನ ನೋಡಿ ನಮ್ಮವಳೇ ಅಂದ್ರಿ. ಯಾಕೆ?"

"ಅಮ್ಮ ಹನ್ನೊಂದು ವರ್ಷ ಹಾಸಿಗೆ ಹಿಡಿದಿದ್ಲು, ನಾನೇ ನೋಡಿಕೊಂಡೆ. ಇವಳು ತಲೆಗೆ ಪೆಟ್ಟಾಗಿ ನನ್ನನ್ನೇ ಯಾರು ಅಂದ್ಲು. ಇನ್ನೊಂದು ಹಾಸಿಗೆ ನನ್ನ ಕೈಲಾಗಲ್ಲ ಅನ್ನಿಸ್ತು ಮೇಡಂ."

ಸುಳ್ಳು ಗುರುತು ಕೊಟ್ಟ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಇನ್‌ಸ್ಪೆಕ್ಟರಮ್ಮ ಅವನಿಗೆ ಕುಡಿಯಲು ನೀರು ಕೊಡಿಸಿದರು.

ಮರುದಿನ ಗುಮಾಸ್ತ ಗಂಟು ಬಿಡಿಸಿದ. ಮಂಚ, ಊರು, ಹೆಸರು ಯಾವುದರ ವಾಸನೆಯೂ ಇಲ್ಲದ ಹೊಸ ಸಂಖ್ಯೆ ಒಬ್ಬೊಬ್ಬರಿಗೆ. ಒಬ್ಬರಿಗೆ ಕೊಟ್ಟದ್ದು ಅವರು ಸತ್ತರೂ ಇನ್ನೊಬ್ಬರಿಗಿಲ್ಲ. ಅಕ್ಕನ ಮುಂದೆ 'ಜೀವಂತ' ಎಂದು ಮೂಡಿದಾಗ ಕೋಣೆಯೇ ಚಪ್ಪಾಳೆ ತಟ್ಟಿತು.

ಮಣ್ಣಾದವಳಿಗೂ ಅವಳದೇ ಸಂಖ್ಯೆ ಬಂತು. ಅವಳ ಮುಂಗೈಯಲ್ಲಿ ಹಕ್ಕಿಯ ಹಚ್ಚೆಯಿತ್ತೆಂಬ ಶವಾಗಾರದ ಟಿಪ್ಪಣಿ ಈಗ ಅವಳೊಬ್ಬಳದಾಗಿ, ದೂರದ ಠಾಣೆಯಲ್ಲಿ ಮಗನೊಬ್ಬ ತಾಯಿ ಕಾಣೆಯೆಂದು ಕೊಟ್ಟ ದೂರಿಗೆ ಹೋಗಿ ಕೂಡಿತು. ಅವನು ಈ ಠಾಣೆಗೂ ಬರೆದು ಕೇಳಿ ನಾಲ್ಕು ತಿಂಗಳಾಗಿತ್ತು. ಅಂಥ ಹೆಂಗಸು ಇಲ್ಲಿಲ್ಲವೆಂದು ಕೂಡ ಯಾರೂ ಉತ್ತರಿಸಿರಲಿಲ್ಲ. ಇನ್‌ಸ್ಪೆಕ್ಟರಮ್ಮ ತಾವೇ ಉತ್ತರ ಬರೆದರು. ತಾಯಿಯನ್ನು ಎಲ್ಲಿ ಮಣ್ಣು ಮಾಡಲಾಗಿದೆ, ಯಾವ ದಾರಿಯಲ್ಲಿ ಬರಬೇಕು ಎಂಬುದನ್ನೂ ಸೇರಿಸಿ ಲಕೋಟೆ ಅಂಟಿಸಿದರು. ಅಂಚೆ ಪೆಟ್ಟಿಗೆಯವರೆಗೂ ತಾವೇ ನಡೆದುಹೋಗಿ ಹಾಕಿದರು.